ಜಂಟಿ ಖಾತೆ: ವಫ್ರಾದ ಎಣ್ಣೆ, ಊರಿನ ಪಹಣಿ ಮತ್ತು ಎಕ್ಸೆಲ್ ಸಾಲದ ಜಾಗ

ವಫ್ರಾ ಎಂದರೆ ಕುವೈತ್‌ನಲ್ಲಿ ಬೆಳೆದ ನಿಮಗೆ ಚಳಿಗಾಲದ ತೋಟಗಳು ನೆನಪಾಗಬಹುದು. ಟೊಮೆಟೊ, ಸೌತೆ, ಸಾಲು ಸಾಲು ಹಸಿರುಮನೆಗಳು, ಅವುಗಳ ಆಚೆ ಎಣ್ಣೆ ಬಾವಿಗಳು. ದೇಶದ ದಕ್ಷಿಣ ತುದಿಯ ಈ ಊರಿಗೆ ಒಂದು ವಿಚಿತ್ರ ಚರಿತ್ರೆ ಇದೆ. ನಲವತ್ತಕ್ಕೂ ಹೆಚ್ಚು ವರ್ಷ ಇದು ಕುವೈತ್ ಒಂದರದ್ದೇ ಆಗಿರಲಿಲ್ಲ, ಸೌದಿ ಕಡೆಯದ್ದೂ ಆಗಿರಲಿಲ್ಲ. 1922ರ ಡಿಸೆಂಬರ್‌ನಲ್ಲಿ ಉಕೈರ್ ಎಂಬಲ್ಲಿ ಬ್ರಿಟಿಷ್ ಅಧಿಕಾರಿ ಸರ್ ಪರ್ಸಿ ಕಾಕ್ಸ್ ಮುಂದೆ ನಿಂತು ಗಡಿ ಬರೆಸಿದಾಗ, ಈ ತುಂಡು ಜಾಗ ಯಾರದೆಂದು ತೀರ್ಮಾನ ಆಗಲಿಲ್ಲ. ಮುಂದೆ ಒಪ್ಪಂದ ಆಗುವವರೆಗೆ ಇಬ್ಬರಿಗೂ ಸಮಾನ ಹಕ್ಕು ಎಂದು ಬರೆದರು. ಅದಕ್ಕೆ ತಟಸ್ಥ ವಲಯ ಎಂದು ಹೆಸರಾಯಿತು.

ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ ಅದು ಜಂಟಿ ಖಾತೆ. ಅಣ್ಣ ತಮ್ಮಂದಿರ ಹೆಸರಿನಲ್ಲಿ ಇರುವ, ಪಾಲಾಗದ ಜಮೀನು.

ಪಾಲಾಗದ ಜಮೀನಿನಲ್ಲಿ ಏನಾದರೂ ಸಿಕ್ಕಿದಾಗಲೇ ತಲೆನೋವು ಶುರು. 1948ರಲ್ಲಿ ಕುವೈತ್ ತನ್ನ ಪಾಲಿನ ಎಣ್ಣೆ ಹಕ್ಕನ್ನು ಅಮಿನಾಯಿಲ್ ಕಂಪನಿಗೆ ಕೊಟ್ಟಿತು. 1949ರಲ್ಲಿ ಸೌದಿ ತನ್ನ ಪಾಲನ್ನು ಜೆ. ಪಾಲ್ ಗೆಟ್ಟಿಯ ಕಂಪನಿಗೆ ಕೊಟ್ಟಿತು. 1953ರಲ್ಲಿ ವಫ್ರಾದಲ್ಲಿ ಎಣ್ಣೆ ಬಂತು. ಒಂದೇ ಬಾವಿ, ಇಬ್ಬರು ಒಡೆಯರು, ಇಬ್ಬರು ಗುತ್ತಿಗೆದಾರರು. 1965ರಲ್ಲಿ ಎರಡೂ ದೇಶಗಳು ನೆಲವನ್ನು ಪಾಲು ಮಾಡಿಕೊಳ್ಳಲು ಒಪ್ಪಿದವು. ವಫ್ರಾ ಇರುವ ಉತ್ತರ ಭಾಗ ಕುವೈತ್‌ಗೆ, ದಕ್ಷಿಣ ಭಾಗ ಸೌದಿಗೆ. ಆದರೆ ನೆಲದಡಿಯ ಎಣ್ಣೆಯನ್ನು ಪಾಲು ಮಾಡಲಿಲ್ಲ; ಇಡೀ ವಲಯದಲ್ಲಿ ಅದು ಅರ್ಧ ಅರ್ಧವಾಗಿಯೇ ಉಳಿಯಿತು. 2015ರಲ್ಲಿ ಎರಡು ಕಡೆಯವರ ನಡುವೆ ಮಾತು ಕೆಟ್ಟು ವಫ್ರಾ ಬಾವಿಗಳು ನಿಂತವು. 2019ರ ಕೊನೆಯಲ್ಲಿ ಮತ್ತೆ ಒಪ್ಪಂದವಾಗಿ 2020ರಲ್ಲಿ ಶುರುವಾದವು.

1965ರ ಒಪ್ಪಂದ ಬರೆದವರು ಮಾಡಿದ ಕೆಲಸವನ್ನು ಸ್ವಲ್ಪ ನೋಡಿ. ‘ಈ ಜಾಗ ಯಾರದು?’ ಎಂಬ ಒಂದೇ ಪ್ರಶ್ನೆಯನ್ನು ಎರಡಾಗಿ ಒಡೆದರು. ಮೇಲಿನ ನೆಲ ಯಾರದು ಎಂಬುದು ಒಂದು, ಕೆಳಗಿನ ಎಣ್ಣೆ ಯಾರದು ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಉತ್ತರ ಬರೆದಿಟ್ಟರು. ರಿಲೇಷನಲ್ ಡೇಟಾಬೇಸ್ ಎಂದು ನೀವು ಕಾಲೇಜಿನಲ್ಲಿ ಓದುವ ವಿಷಯದ ತಿರುಳೂ ಇದೇ. ‘ಎಕ್ಸೆಲ್ ಇದೆಯಲ್ಲ, ಡೇಟಾಬೇಸ್ ಯಾಕೆ ಬೇಕು?’ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಆ ಪ್ರಶ್ನೆಗೆ ಉತ್ತರ ಹುಡುಕಲು ನಿಮ್ಮ ಅಜ್ಜನ ಊರಿನ ತಾಲೂಕು ಕಚೇರಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಪಹಣಿ ನೀವು ನೋಡಿರಬಹುದು. ಊರಿಗೆ ಹೋದಾಗ ಅಪ್ಪ, ಚಿಕ್ಕಪ್ಪ ಮೇಜಿನ ಮೇಲೆ ಹರಡಿಕೊಂಡು ಮಾತಾಡುವ, ಕಿಕ್ಕಿರಿದ ಚೌಕಗಳ ಹಾಳೆ. ಆರ್‌ಟಿಸಿ ಎಂದೂ ಕರೆಯುತ್ತಾರೆ. ಹಕ್ಕು, ಗೇಣಿ, ಬೆಳೆ ಮೂರನ್ನೂ ಹೇಳುವ ದಾಖಲೆ. ಸರ್ವೆ ನಂಬರ್, ಹಿಸ್ಸಾ ನಂಬರ್, ಎಕರೆ, ಗುಂಟೆ, ಮಣ್ಣಿನ ನಮೂನೆ, ನೀರಿನ ಮೂಲ ಎಲ್ಲ ಇರುತ್ತದೆ. ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರು. ಹನ್ನೊಂದರಲ್ಲಿ ಬ್ಯಾಂಕ್ ಸಾಲದಂಥ ಋಣಭಾರ. ಹನ್ನೆರಡರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ. ಒಡೆಯ ಯಾರು, ಉಳುವವ ಯಾರು ಎಂಬ ಎರಡು ಪ್ರಶ್ನೆಗೆ ಇಲ್ಲೂ ಎರಡು ಕಾಲಂ ಇದೆ ಎಂಬುದನ್ನು ಗಮನಿಸಿ.

ಆ ಹನ್ನೆರಡನೇ ಕಾಲಂ ಸಾಮಾನ್ಯದ್ದಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಲ್ಲಿ, ದೇವರಾಜ ಅರಸರ ಸರ್ಕಾರ ಗೇಣಿದಾರನೇ ಜಮೀನಿನ ಒಡೆಯ ಎಂದಿತು. ದಕ್ಷಿಣ ಕನ್ನಡ, ಉಡುಪಿ ಕಡೆಯ ಮನೆಗಳಲ್ಲಿ ಇವತ್ತಿಗೂ ‘ಡಿಕ್ಲರೇಶನ್ ಜಾಗ’ ಎನ್ನುತ್ತಾರಲ್ಲ, ಅದು ಇದೇ. ಭೂ ನ್ಯಾಯಮಂಡಳಿಯ ಮುಂದೆ ಗೇಣಿದಾರ ತಾನೇ ಉಳುತ್ತಿದ್ದೆ ಎಂದು ತೋರಿಸಬೇಕಿತ್ತು. ಉಳುವವರ ಕಾಲಂನಲ್ಲಿ ಹೆಸರಿದ್ದರೆ ದೊಡ್ಡ ಬಲ. ಇಲ್ಲದಿದ್ದರೆ ಸಾಕ್ಷಿ, ಗೇಣಿ ಚೀಟಿ, ಓಡಾಟ. ಇವತ್ತು ಕುವೈತ್‌ನಲ್ಲಿರುವ ಎಷ್ಟೋ ಕುಟುಂಬಗಳ ಮನೆ ನಿಂತಿರುವುದು ಆಗ ಒಂದು ಕಾಲಂನಲ್ಲಿ ಇದ್ದ ಹೆಸರಿನ ಮೇಲೆ. ಜಮೀನು ಕಳೆದುಕೊಂಡವರ ಮಕ್ಕಳೂ ನಮ್ಮ ನಡುವೆ ಇದ್ದಾರೆ, ಅದೂ ಅದೇ ಕಾಲಂನಿಂದಲೇ.

ಇದನ್ನೆಲ್ಲ ಬರೆಯುತ್ತಿದ್ದವರು ಯಾರು? ಹಳೆಯ ಮೈಸೂರಿನಲ್ಲಿ, ಕರಾವಳಿಯಲ್ಲಿ ಶಾನುಭೋಗರು, ಉತ್ತರದಲ್ಲಿ ಕುಲಕರ್ಣಿಗಳು. ವಂಶಪಾರಂಪರ್ಯದ ಕೆಲಸ. ಕಾಗದ ಬರುವ ಮೊದಲು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಮಡಿಸಿ ಪುಸ್ತಕದ ಹಾಗೆ ಮಾಡಿ, ಬಳಪದಲ್ಲಿ ಬರೆಯುವುದು. ಆಫೀಸ್ ಫೈಲಿಗೆ ಇಂದು ಕನ್ನಡದಲ್ಲಿ ಕಡತ ಎನ್ನುವುದು ಅಲ್ಲಿಂದಲೇ ಬಂದದ್ದು. ಕಡತದ ಅನುಕೂಲ ಏನೆಂದರೆ ಅಳಿಸಿ ಮತ್ತೆ ಬರೆಯಬಹುದು. ಅನನುಕೂಲವೂ ಅದೇ.

ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಯಾವ ಕಟ್ಟಿನ ಎಷ್ಟನೇ ಮಡಿಕೆಯಲ್ಲಿ ಏನಿದೆ ಎಂಬುದು ಶಾನುಭೋಗರ ತಲೆಯೊಳಗೆ ಮಾತ್ರ ಇತ್ತು. ದಾಖಲೆ ಬೇಕಾದವನು ಅವರ ಜಗಲಿಗೇ ಹೋಗಬೇಕು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ತೆಗೆಯುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಶಾನುಭೋಗರ ಜಾಗಕ್ಕೆ ಸರ್ಕಾರಿ ಗ್ರಾಮ ಲೆಕ್ಕಿಗರು ಬಂದರು. ಮನುಷ್ಯ ಬದಲಾದ, ಪುಸ್ತಕ ಹಾಗೆಯೇ ಉಳಿಯಿತು.

ಈಗ ಅಲ್ಲಿಂದ ಅಮೆರಿಕಕ್ಕೆ ಬನ್ನಿ, ಅದೇ ತೊಂದರೆ ಅಲ್ಲಿಯೂ ಇತ್ತು. 1960ರ ದಶಕದಲ್ಲಿ ದೊಡ್ಡ ಕಂಪ್ಯೂಟರ್‌ಗಳ ಡೇಟಾ ಮರದ ಕೊಂಬೆಗಳ ಹಾಗೆ ಜೋಡಿಸಿರುತ್ತಿತ್ತು. ಚಂದ್ರಯಾನದ ಅಪೋಲೊ ಯೋಜನೆಯ ಲಕ್ಷಾಂತರ ಬಿಡಿಭಾಗಗಳ ಲೆಕ್ಕಕ್ಕೆಂದು ಹುಟ್ಟಿದ ಐಬಿಎಮ್‌ನ ಐಎಮ್‌ಎಸ್ ಅಂಥದ್ದು. ಯಾವ ಕೊಂಬೆಯಿಂದ ಯಾವ ಕೊಂಬೆಗೆ ಇಳಿಯಬೇಕು ಎಂಬುದು ಪ್ರೋಗ್ರಾಮರ್‌ಗೆ ಗೊತ್ತಿರಬೇಕು. ಕೊಂಬೆ ಬದಲಾದರೆ ಪ್ರೋಗ್ರಾಮೇ ಕೆಡುತ್ತದೆ. ಪ್ರೋಗ್ರಾಮರ್ ಆ ಕಾಲದ ಶಾನುಭೋಗ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಐಬಿಎಮ್ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ಇಂಗ್ಲಿಷ್ ಗಣಿತಜ್ಞ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದವನು, 1970ರ ಜೂನ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅದರ ಶೀರ್ಷಿಕೆಯಲ್ಲಿ ‘ಹಂಚಿಕೊಂಡ’ ಎಂಬ ಅರ್ಥದ ಒಂದು ಪದ ಇದೆ: ಹಲವರು ಹಂಚಿಕೊಂಡು ಬಳಸುವ ದೊಡ್ಡ ದತ್ತಾಂಶ ಭಂಡಾರಗಳ ಬಗ್ಗೆ ಅವನು ಮಾತಾಡುತ್ತಿದ್ದ. ಮಾಹಿತಿ ಯಂತ್ರದೊಳಗೆ ಎಲ್ಲಿದೆ ಎಂಬುದು ಬಳಸುವವನಿಗೆ ಗೊತ್ತಿರಬೇಕಾಗಿಲ್ಲ, ಅವನಿಗೆ ಏನು ಬೇಕೆಂದು ಹೇಳಿದರೆ ಸಾಕು ಎಂಬುದು ಅವನ ವಾದ. ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿ ಇಡಿ, ಕೋಷ್ಟಕಗಳನ್ನು ಅವುಗಳ ಒಳಗಿನ ಗುರುತುಗಳಿಂದಲೇ ಜೋಡಿಸಿ ಎಂದ. 1974ರಲ್ಲಿ ಐಬಿಎಮ್‌ನ ಚೇಂಬರ್ಲಿನ್ ಮತ್ತು ಬಾಯ್ಸ್ ಅದಕ್ಕೊಂದು ಪ್ರಶ್ನೆ ಕೇಳುವ ಭಾಷೆ ಮಾಡಿದರು, ಅದೇ ಇಂದಿನ ಎಸ್‌ಕ್ಯೂಎಲ್. ಐಎಮ್‌ಎಸ್‌ನಿಂದ ದುಡ್ಡು ಬರುತ್ತಿದ್ದ ಐಬಿಎಮ್‌ಗೆ ಅವಸರ ಇರಲಿಲ್ಲ. 1979ರಲ್ಲಿ ಲ್ಯಾರಿ ಎಲಿಸನ್‌ನ ಪುಟ್ಟ ಕಂಪನಿ ಒರಾಕಲ್ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದುಬಿಟ್ಟಿತು.

ಕೋಷ್ಟಕ ಎಂದರೆ ಏನು ಎಂಬುದನ್ನು ಜಂಟಿ ಖಾತೆಯಲ್ಲೇ ನೋಡೋಣ. ಎರಡು ಎಕರೆ ಜಮೀನು. ಅಣ್ಣ, ತಮ್ಮ, ತಂಗಿ ಮೂವರ ಹೆಸರಿನಲ್ಲಿದೆ. ಅಣ್ಣನಿಗೆ ಬೇರೆಡೆ ಇನ್ನೂ ಒಂದು ತೋಟ ಇದೆ. ಇದನ್ನು ಎಕ್ಸೆಲ್ ಹಾಳೆಯಲ್ಲಿ ಹೇಗೆ ಬರೆಯುತ್ತೀರಿ? ಒಂದು ಸಾಲಿಗೆ ಒಂದು ಜಮೀನು ಎಂದರೆ ಮೂರು ಹೆಸರುಗಳನ್ನು ಒಂದೇ ಚೌಕದಲ್ಲಿ ಅಲ್ಪವಿರಾಮ ಹಾಕಿ ತುರುಕಬೇಕು. ಆಮೇಲೆ ತಂಗಿಯ ಹೆಸರಿನ ಜಮೀನೆಲ್ಲ ಹುಡುಕಲು ಹೋದರೆ ಕಷ್ಟ. ಒಂದು ಸಾಲಿಗೆ ಒಬ್ಬರು ಎಂದರೆ ಅದೇ ಜಮೀನಿನ ವಿಸ್ತೀರ್ಣವನ್ನು ಮೂರು ಸಲ ಬರೆಯಬೇಕು. ನಾಳೆ ಅಳತೆ ಆಗಿ ಎರಡು ಎಕರೆ ಒಂದು ಎಕರೆ ಮೂವತ್ತೆಂಟು ಗುಂಟೆ ಆದರೆ, ಎರಡು ಕಡೆ ತಿದ್ದಿ ಮೂರನೆಯದನ್ನು ಮರೆಯುತ್ತೀರಿ. ಆಗ ಯಾವುದು ನಿಜ? ಇನ್ನೂ ಒಂದು ಇದೆ: ಕೂಡಿಸಿ ನೋಡಿದರೆ ಎರಡು ಎಕರೆ ಆರು ಎಕರೆಯಾಗಿ ಕಾಣುತ್ತದೆ.

ರಿಲೇಷನಲ್ ಕ್ರಮದಲ್ಲಿ ಮೂರು ಕೋಷ್ಟಕ. ಒಂದರಲ್ಲಿ ಜಮೀನುಗಳು, ಪ್ರತಿ ಜಮೀನಿಗೂ ಒಂದೇ ಸಾಲು. ಇನ್ನೊಂದರಲ್ಲಿ ಜನ, ಪ್ರತಿಯೊಬ್ಬರಿಗೂ ಒಂದೇ ಸಾಲು. ಮೂರನೆಯದು ಹಕ್ಕಿನ ಕೋಷ್ಟಕ: ಈ ಜಮೀನು, ಈ ವ್ಯಕ್ತಿ, ಇಷ್ಟು ಪಾಲು. ವಿಸ್ತೀರ್ಣ ಒಂದೇ ಕಡೆ ಇದೆ, ತಿದ್ದಿದರೆ ಎಲ್ಲೆಡೆಯೂ ತಿದ್ದಿದ ಹಾಗೆ. ತಂಗಿ ಮನೆ ಬದಲಿಸಿದರೆ ಅವಳ ಒಂದು ಸಾಲು ತಿದ್ದಿದರೆ ಮುಗಿಯಿತು. ಪಹಣಿ ಕೇಳಿದಾಗ ಮೂರನ್ನೂ ಜೋಡಿಸಿ ಒಂದು ಹಾಳೆ ಮುದ್ರಿಸಿ ಕೊಡುತ್ತದೆ. ನೀವು ಕೈಯಲ್ಲಿ ಹಿಡಿಯುವ ಪಹಣಿ ಹಾಗಾದರೆ ಕೋಷ್ಟಕವೇ ಅಲ್ಲ, ಕೋಷ್ಟಕಗಳಿಗೆ ಕೇಳಿದ ಪ್ರಶ್ನೆಗೆ ಬಂದ ಉತ್ತರ. ವಫ್ರಾಕ್ಕೂ ಇದನ್ನೇ ಬರೆಯಬಹುದು: ನೆಲದ ಹಕ್ಕಿನಲ್ಲಿ ಒಂದು ಸಾಲು ಕುವೈತ್ ಎಂದು, ಎಣ್ಣೆಯ ಹಕ್ಕಿನಲ್ಲಿ ಎರಡು ಸಾಲು, ಅರ್ಧ ಮತ್ತು ಅರ್ಧ.

ಜೋಡಿಸಲು ಗುರುತು ಬೇಕು, ಅದಕ್ಕೆ ಕೀ ಎನ್ನುತ್ತಾರೆ. ಜಮೀನಿಗೆ ಅದು ಸುಲಭ: ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲ ಸೇರಿದರೆ ರಾಜ್ಯದಲ್ಲಿ ಅಂಥ ಜಮೀನು ಒಂದೇ. ಮನುಷ್ಯರಿಗೆ? ಹೆಸರು ಸಾಲದು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ವರು ಇರುತ್ತಾರೆ. ಕುವೈತ್‌ನಲ್ಲಂತೂ ನಮ್ಮ ಹೆಸರು ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಅರಬಿಗೆ ಹೋಗಿ ಬರುವಷ್ಟರಲ್ಲಿ ನಮಗೇ ಗುರುತು ಸಿಗುವುದಿಲ್ಲ. ಅದಕ್ಕೇ ಇಲ್ಲಿ ಸಿವಿಲ್ ಐಡಿ. 1982ರಲ್ಲಿ ನಾಗರಿಕ ಮಾಹಿತಿ ಪ್ರಾಧಿಕಾರ ಸ್ಥಾಪನೆಯಾದ ಮೇಲೆ ಬಂದ ಹನ್ನೆರಡು ಅಂಕಿಗಳ ಸಂಖ್ಯೆ. ಮೊದಲ ಅಂಕಿ ಶತಮಾನ, ಮುಂದಿನ ಆರು ಹುಟ್ಟಿದ ದಿನ. ನಿಮ್ಮಲ್ಲಿ ಹೆಚ್ಚಿನವರದು 3ರಿಂದ, ಅಪ್ಪ ಅಮ್ಮನದು 2ರಿಂದ ಶುರುವಾಗುತ್ತದೆ. ಕೀ ಒಳಗೆ ಅರ್ಥ ತುಂಬಬಾರದು ಎಂದು ಡೇಟಾಬೇಸ್ ಪಂಡಿತರು ಮೂಗು ಮುರಿಯುತ್ತಾರೆ, ಏಕೆಂದರೆ ಹುಟ್ಟಿದ ದಿನವೇ ತಪ್ಪಾಗಿ ನಮೂದಾಗಿದ್ದರೆ ಗುರುತೂ ತಪ್ಪಿದಂತೆ. ಆದರೂ ಆಸ್ಪತ್ರೆ, ಶಾಲೆ, ಬ್ಯಾಂಕ್ ಎಲ್ಲೆಡೆ ನಿಮ್ಮನ್ನು ನೀವೇ ಎಂದು ಹಿಡಿದಿರುವುದು ಆ ಸಂಖ್ಯೆ.

ಹಾಗಾದರೆ ಎಕ್ಸೆಲ್ ಕೆಟ್ಟದ್ದೇ? ಅಲ್ಲ. ಅದು ಹುಟ್ಟಿದ ಮನೆ ಬೇರೆ. ಹಾರ್ವರ್ಡ್‌ನಲ್ಲಿ ವ್ಯವಹಾರಶಾಸ್ತ್ರ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್‌ಗೆ, ಬೋರ್ಡಿನ ಮೇಲೆ ಒಂದು ಅಂಕಿ ಬದಲಿಸಿದರೆ ಉಳಿದದ್ದನ್ನೆಲ್ಲ ಅಳಿಸಿ ಮತ್ತೆ ಬರೆಯುವ ಪಾಡು ಬೇಸರ ತಂದಿತು. ಅವನು ಮತ್ತು ಬಾಬ್ ಫ್ರಾಂಕ್‌ಸ್ಟನ್ ಸೇರಿ 1979ರಲ್ಲಿ ಆಪಲ್ 2 ಯಂತ್ರಕ್ಕೆ ವಿಸಿಕ್ಯಾಲ್ಕ್ ಮಾಡಿದರು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್ ಬಂದವು. ಇದು ಒಬ್ಬ ಮನುಷ್ಯ ಕೂತು ‘ಹೀಗಾದರೆ ಎಷ್ಟು, ಹಾಗಾದರೆ ಎಷ್ಟು’ ಎಂದು ಲೆಕ್ಕ ಹಾಕುವ ಹಾಳೆ. ಲೆಕ್ಕ ಹಾಕಲು ಅದರಂಥದ್ದು ಇನ್ನೊಂದಿಲ್ಲ. ಹಲವರು ನಂಬಿಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವ ದಾಖಲೆಗೆ ಅದನ್ನು ಮಾಡಿದ್ದಲ್ಲ.

ಮಾಡಿದ್ದಲ್ಲ ಎಂಬುದು ಎಲ್ಲಿ ಗೊತ್ತಾಗುತ್ತದೆ? ಎಕ್ಸೆಲ್ ತೆರೆದು ಸರ್ವೆ ನಂಬರ್ 12, ಹಿಸ್ಸಾ 3 ಎಂಬುದನ್ನು ನಾವು ಬರೆಯುವ ಹಾಗೆ 12/3 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ನಿಮ್ಮ ಅಜ್ಜನ ಗದ್ದೆ ಮಾರ್ಚ್ 12 ಆಗುತ್ತದೆ. ಕಂಪ್ಯೂಟರ್‌ನಲ್ಲಿ ಅಮೆರಿಕದ ಸೆಟ್ಟಿಂಗ್ ಇದ್ದರೆ ಡಿಸೆಂಬರ್ 3. ಸಿವಿಲ್ ಐಡಿ ಹಾಕಿದರೆ ಅಷ್ಟುದ್ದದ ಸಂಖ್ಯೆ ಕುಗ್ಗಿ ನಡುವೆ ಒಂದು ‘ಇ’ ಕಾಣಿಸಿಕೊಳ್ಳುತ್ತದೆ. ನಗಬೇಡಿ, ಮಾರ್ಚ್, ಸೆಪ್ಟ್ ಎಂದು ಶುರುವಾಗುವ ಮನುಷ್ಯರ ಜೀನ್‌ಗಳ ಹೆಸರನ್ನೂ ಎಕ್ಸೆಲ್ ತಾರೀಕಾಗಿ ಮಾಡುತ್ತಿತ್ತು ಎಂದು ವಿಜ್ಞಾನಿಗಳು ಕೊನೆಗೆ ಜೀನ್‌ಗಳ ಹೆಸರನ್ನೇ ಬದಲಿಸಿದರು. ಇಂಗ್ಲೆಂಡಿನಲ್ಲಿ 2020ರ ಶರತ್ಕಾಲದಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ನಮೂನೆಯ ಎಕ್ಸೆಲ್ ಫೈಲಿಗೆ ತುಂಬುತ್ತಿದ್ದರು. ಆ ಹಾಳೆಗೆ 65,536 ಸಾಲು ಮಾತ್ರ. ಮುಂದಿನವು ಸದ್ದಿಲ್ಲದೆ ಬಿದ್ದುಹೋದವು. 15,841 ಸೋಂಕಿತರ ಹೆಸರು ಎಣಿಕೆಗೂ ಬರಲಿಲ್ಲ, ಅವರ ಸಂಪರ್ಕಕ್ಕೆ ಬಂದವರಿಗೆ ಸಮಯಕ್ಕೆ ಫೋನೂ ಹೋಗಲಿಲ್ಲ. ಒಳ್ಳೆಯ ಡೇಟಾಬೇಸ್ ಆಗಿದ್ದರೆ ಇಂಥಲ್ಲಿ ತಕರಾರು ಮಾಡುತ್ತದೆ. ‘ಈ ಕಾಲಂನಲ್ಲಿ ತಾರೀಕು ಬರುವಂತಿಲ್ಲ’, ‘ಇಲ್ಲದ ಜಮೀನಿಗೆ ಒಡೆಯನನ್ನು ಹೇಗೆ ಸೇರಿಸುತ್ತೀರಿ?’ ಎಂದು ನಿಲ್ಲಿಸುತ್ತದೆ. ಸ್ಪ್ರೆಡ್‌ಶೀಟ್ ಬಹಳ ಸಾಧು, ಏನು ಕೊಟ್ಟರೂ ತೆಗೆದುಕೊಳ್ಳುತ್ತದೆ. ನನಗೆ ತಕರಾರು ಮಾಡುವವನೇ ಇಷ್ಟ.

ಕರ್ನಾಟಕದ ಪಹಣಿಗಳು ಕಂಪ್ಯೂಟರ್‌ಗೆ ಹೋದದ್ದು ಭೂಮಿ ಯೋಜನೆಯಲ್ಲಿ. ಈ ಶತಮಾನದ ಮೊದಲ ಎರಡು ಮೂರು ವರ್ಷಗಳಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿ ಮಾಡಿದ ತಂತ್ರಾಂಶದಲ್ಲಿ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ತುಂಬಿಸಿದರು. ತಾಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪಡೆಯಬಹುದಿತ್ತು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಯಾರು ಏನು ತಿದ್ದಿದರು ಎಂಬುದು ಉಳಿಯುತ್ತದೆ. ಕಡತದ ಬಳಪದ ಕಾಲದಲ್ಲಿ ಇದು ಸಾಧ್ಯವೇ ಇರಲಿಲ್ಲ. ಮುಂದೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವನ್ನೂ ಇದಕ್ಕೆ ಜೋಡಿಸಿದರು.

ಖಾತೆ ಬದಲಾವಣೆಗೆ ಮ್ಯುಟೇಶನ್ ಎನ್ನುತ್ತಾರೆ. ಮಾರಿದವನ ಹೆಸರು ಹೋಗಬೇಕು, ಕೊಂಡವನ ಹೆಸರು ಬರಬೇಕು. ಮೊದಲನೆಯದು ಆಗಿ ಎರಡನೆಯದು ಆಗುವ ಮುಂಚೆ ಕರೆಂಟ್ ಹೋದರೆ ಜಮೀನು ಯಾರದೂ ಅಲ್ಲ. ಎರಡೂ ಆಗಬೇಕು ಅಥವಾ ಎರಡೂ ಆಗಬಾರದು ಎಂಬ ಈ ಪಟ್ಟನ್ನು ಡೇಟಾಬೇಸ್‌ನವರು ಟ್ರಾನ್ಸಾಕ್ಷನ್ ಎನ್ನುತ್ತಾರೆ. ಸ್ಪ್ರೆಡ್‌ಶೀಟ್‌ಗೆ ಇಂಥ ಪಟ್ಟು ಗೊತ್ತಿಲ್ಲ.

ಭೂಮಿಯಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಕಾಗದದಲ್ಲಿ ತಪ್ಪಿದ್ದದ್ದು ಕಂಪ್ಯೂಟರ್‌ನಲ್ಲೂ ತಪ್ಪಾಗಿಯೇ ಬಂತು. ಕಂಪ್ಯೂಟರ್ ಹಾಳೆಯಲ್ಲಿ ಬಂದ ಮೇಲೆ ಅದಕ್ಕೆ ಇನ್ನಷ್ಟು ಗತ್ತು. ಸೊಲೊಮನ್ ಬೆಂಜಮಿನ್ ಮತ್ತು ಜೊತೆಗಾರರು 2007ರ ಒಂದು ಅಧ್ಯಯನದಲ್ಲಿ ಬೆಂಗಳೂರಿನ ಸುತ್ತಮುತ್ತ ನೋಡಿ ಬೇರೊಂದು ದೂರು ಹೇಳಿದರು: ಹಳ್ಳಿಯಲ್ಲಿದ್ದ ಹಿಡಿತ ಮೇಲಿನ ಕಚೇರಿಗಳಿಗೆ ಹೋಯಿತು, ಜಮೀನು ಹುಡುಕುವ ದೊಡ್ಡವರಿಗೆ ದಾರಿ ಸಲೀಸಾಯಿತು. ಇದನ್ನು ತಳ್ಳಿಹಾಕುವಂತಿಲ್ಲ. ಹಳ್ಳಿಯಲ್ಲಿ ಬಾಯಿಮಾತಿನ ಮೇಲೆ ನಡೆಯುತ್ತಿದ್ದ ಎಷ್ಟೋ ಹಕ್ಕುಗಳಿಗೆ ಕಾಲಂ ಇಲ್ಲ. ಕಾಲಂ ಇಲ್ಲದ್ದು ಡೇಟಾಬೇಸ್‌ಗೆ ಕಾಣುವುದಿಲ್ಲ. ಯಾವ ಕೋಷ್ಟಕ ಇರಬೇಕು ಎಂದು ತೀರ್ಮಾನಿಸುವವನ ಕೈಯಲ್ಲಿ ದೊಡ್ಡ ಅಧಿಕಾರ ಇದೆ, ಅವನು ಶಾನುಭೋಗನಾಗಲಿ ಎಂಜಿನಿಯರ್ ಆಗಲಿ.

ನಿಮ್ಮ ಕೆಲಸಕ್ಕೆ ಯಾವುದು? ಕನ್ನಡ ಸಂಘದ ಪಿಕ್ನಿಕ್‌ಗೆ ಯಾರು ಬರುತ್ತಾರೆ, ಎಷ್ಟು ಬಸ್ ಬೇಕು, ಒಬ್ಬರಿಗೆ ಎಷ್ಟು ದಿನಾರ್ ಎಂಬುದಕ್ಕೆ ಎಕ್ಸೆಲ್ ಹಾಳೆ ಸಾಕು, ಡೇಟಾಬೇಸ್ ಮಾಡಲು ಹೊರಟರೆ ಪಿಕ್ನಿಕ್ ಮುಗಿದಿರುತ್ತದೆ. ವಫ್ರಾದ ತೋಟದಲ್ಲಿ ದಿನಕ್ಕೆ ಎಷ್ಟು ಪೆಟ್ಟಿಗೆ ಟೊಮೆಟೊ ಹೋಯಿತೆಂದು ಒಬ್ಬ ಮೇಲ್ವಿಚಾರಕ ಬರೆದಿಡುವುದಕ್ಕೂ ಅದೇ ಸಾಕು. ಆದರೆ ಸಂಘದ ಸದಸ್ಯತ್ವವನ್ನು ನೋಡಿ: ಕುಟುಂಬ, ಅದರೊಳಗೆ ಸದಸ್ಯರು, ಅವರ ಕನ್ನಡ ತರಗತಿ, ವರ್ಷ ವರ್ಷದ ಶುಲ್ಕ. ಪ್ರತಿ ವರ್ಷ ಸಮಿತಿ ಬದಲಾಗುತ್ತದೆ, ಹೊಸಬರು ಹಳೆಯ ಫೈಲಿನ ಇನ್ನೊಂದು ಪ್ರತಿ ಮಾಡುತ್ತಾರೆ, ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’. ಒಂದೇ ವಿಷಯವನ್ನು ಎರಡು ಕಡೆ ಬರೆಯತೊಡಗಿದ ದಿನ, ಅಥವಾ ಇಬ್ಬರು ಒಂದೇ ಹಾಳೆಯನ್ನು ತಿದ್ದಿ ಯಾರದು ಸರಿ ಎಂದು ಕೇಳಿದ ದಿನ, ಡೇಟಾಬೇಸ್‌ಗೆ ಹೊರಡಿ. ಸಾಲುಗಳು ಎಷ್ಟಿವೆ ಎಂಬುದು ಅಷ್ಟು ಮುಖ್ಯವಲ್ಲ, ಐವತ್ತು ಕುಟುಂಬಕ್ಕೂ ಬೇಕಾಗಬಹುದು. ಖರ್ಚಿನ ಭಯವೂ ಬೇಡ. ಎಸ್‌ಕ್ಯೂಲೈಟ್ ಉಚಿತ, ಈಗಾಗಲೇ ನಿಮ್ಮ ಜೇಬಿನಲ್ಲಿದೆ. ಫೋನಿನಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳನ್ನು ಇಡುವುದು ಅದರಲ್ಲೇ.

ಭೂಮಿ ಜಾಲತಾಣವನ್ನು ಒಮ್ಮೆ ತೆರೆದು ನೋಡಿ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಒಂದಾದ ಮೇಲೊಂದು ಕೇಳುತ್ತದೆ. ಕೀ ಎಂದು ಆಗಲೇ ಹೇಳಿದೆನಲ್ಲ, ಅದೇ. ತೆರೆದುಕೊಂಡ ಮೇಲೆ ಒಂಬತ್ತನೇ ಕಾಲಂ ನೋಡಿ. ತೀರಿಹೋಗಿ ಇಪ್ಪತ್ತು ವರ್ಷವಾದ ಅಜ್ಜನ ಹೆಸರೇ ಇನ್ನೂ ಇರುವ ಮನೆಗಳು ಬೇಕಾದಷ್ಟಿವೆ. ಯಾರೂ ಬಂದು ಹೇಳದ ಹೊರತು ಆ ಕೋಷ್ಟಕದಲ್ಲಿ ಅಜ್ಜ ಸಾಯುವುದಿಲ್ಲ. ಅದನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಅತ್ತೆಯರ ಹೆಸರು ‘ಬೇಡ ಬಿಡಿ’ ಎಂದು ಬಿಟ್ಟುಹೋಗುವುದುಂಟು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಸಮಪಾಲು ಕೊಟ್ಟಿತು, ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಕಾನೂನಿನಲ್ಲಿ ಹಕ್ಕಿದ್ದೂ ಕೋಷ್ಟಕದಲ್ಲಿ ಸಾಲಿಲ್ಲದಿದ್ದರೆ, ಆ ಸಾಲು ಹಾಕಿಸಲು ಕೋರ್ಟಿಗೆ ಅಲೆಯಬೇಕಾಗುತ್ತದೆ.

ಮುಂದಿನ ಶುಕ್ರವಾರ ಮನೆಯಲ್ಲಿ ಎಲ್ಲರೂ ಇರುವಾಗ ಸರ್ವೆ ನಂಬರ್ ಯಾವುದೆಂದು ಕೇಳಿ. ಹಿಸ್ಸಾ ನಂಬರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಎಕ್ಸೆಲ್‌ನಲ್ಲಿ ಬರೆಯುವುದಾದರೆ ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಬದಲಿಸಿಕೊಳ್ಳಿ.